ಏಡಿ ತಿನ್ನದ ಮೇಡಂ

ಅವರು ಜನ್ಮದಲ್ಲಿ ಒಂದು ಏಡಿಯನ್ನೂ ಬಾಯಿಗಿಟ್ಟವರಲ್ಲ. ಮೊಟ್ಟೆಯನ್ನು ಕೂಡ ಹೊಸ್ತಿಲ ಒಳಗೆ ಬಿಡದ ಮನೆತನ ಅವರದು. ಆದರೆ ಏಡಿಯ ಚಿಪ್ಪನ್ನು ಎಲ್ಲಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಕಿವಿರು ಎಲ್ಲಿರುತ್ತದೆ, ಆ ಕಿವಿರಿನ ಸಂದಿಯಲ್ಲಿ ಎಂಥೆಂಥ ಕ್ರಿಮಿಗಳು ಸಂಸಾರ ಹೂಡಿರುತ್ತವೆ ಎಂಬುದನ್ನು ಅವರಷ್ಟು ತಿಳಿದವರು ನಮ್ಮ ಕಡೆ ಇನ್ನೊಬ್ಬರಿರಲಿಲ್ಲ. ನಾನು ಕೊಡಂಬಲದವನು. ಮಳೆ ಬಿದ್ದ ಮೊದಲ ವಾರ ಹೊಲದ ಬದುವಿನ ತೂತಿಗೆ ಕೈ ಹಾಕಿ ಏಡಿ ಎಳೆದು ಬೆಳೆದವನು. ಅಂಥ ನನಗೇ ಅವರು ಏಡಿ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. "ಹಿಂದಿನಿಂದ ಹಿಡಿಯೋ ತಮ್ಮಾ, ಮುಂದ ಹೋಗಿ ಮಾತಾಡ್ಸಬ್ಯಾಡ" ಎನ್ನುತ್ತಿದ್ದರು.

ಹೋದ ಆಷಾಢದಲ್ಲಿ ಹುಮನಾಬಾದಿನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಹಳೆಯ ವಿದ್ಯಾರ್ಥಿಗಳು ಸನ್ಮಾನ ಮಾಡುತ್ತೇವೆಂದು ಬಂದರೆ, "ಶಾಲು ನಿಮ್ಮ ಅಧ್ಯಕ್ಷರಿಗೇ ಹೊದಿಸ್ರಿ, ಅವರಿಗಿ ಥಂಡಿ ಜಾಸ್ತಿ" ಎಂದು ಚಹಾ ಕುಡಿಸಿ ಕಳಿಸಿದವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಬಸವಕಲ್ಯಾಣದಲ್ಲಿ ಒಂದು ಸಣ್ಣ ಲ್ಯಾಬು ಹಾಕಿದರು. ಕೆಳಗೆ ಬಳೆ ಅಂಗಡಿ, ಮೇಲೆ ಎರಡು ಕೋಣೆ. ರಕ್ತ, ಮೂತ್ರ, ಕಫ ನೋಡುವುದು ಹೊಟ್ಟೆಪಾಡಿಗೆ. ಹಳ್ಳದ ನೀರು, ಏಡಿ, ಸಿಗಡಿ, ಬಸವನಹುಳು ನೋಡುವುದು ಹುಚ್ಚಿಗೆ. ಆ ಹುಚ್ಚಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ನಾನು ಕೋರ್ಸು ಮುಗಿಸಿ ಅವರ ಬಳಿ ಕೆಲಸಕ್ಕೆ ಸೇರಿದಾಗ, ಸಂದರ್ಶನವೆಂದು ಅವರು ಹೇಳಿದ್ದು ಒಂದೇ ಮಾತು: ಕೈ ತೊಳೆದು ತೋರಿಸು. ತೊಳೆದೆ. "ಉಗುರಿನ ಸಂದಿ ನಿಮ್ಮಪ್ಪ ಬಂದು ತೊಳಿತಾನೇನು?" ಎಂದರು. ಮತ್ತೆ ತೊಳೆದೆ. ಮರುದಿನದಿಂದ ಕೆಲಸ.

ಅವರ ಲ್ಯಾಬಿನಲ್ಲಿ ದೊಡ್ಡ ಯಂತ್ರಗಳಿರಲಿಲ್ಲ. ಸಲಕರಣೆಗಳನ್ನು ಶುದ್ಧ ಮಾಡಲು ಮನೆಯ ಪ್ರೆಶರ್ ಕುಕ್ಕರ್. ಕ್ರಿಮಿ ಬೆಳೆಸಲು ಬಲ್ಬು ಹಾಕಿದ ಒಂದು ಕಟ್ಟಿಗೆಯ ಪೆಟ್ಟಿಗೆ. ಅದರ ಮೇಲೆ ಬೆಕ್ಕು ಮಲಗಲು ಹವಣಿಸುತ್ತಿತ್ತು, ಅವರು ಓಡಿಸುತ್ತಿದ್ದರು. ಬೆಳಿಗ್ಗೆ ಬಂದವರೇ ಪೆಟ್ಟಿಗೆಯ ಬಾಗಿಲು ತೆಗೆದು ಗಾಜಿನ ತಟ್ಟೆಗಳನ್ನು ಬೆಳಕಿಗೆ ಹಿಡಿಯುತ್ತಿದ್ದರು. ತಟ್ಟೆಯಲ್ಲಿ ಚುಕ್ಕೆಗಳು ಎದ್ದಿದ್ದರೆ, "ರಾತ್ರಿ ಮಂದಿ ಭಾಳ ಬಂದಾರಲ್ಲೋ" ಎನ್ನುವರು. ಕ್ರಿಮಿಗಳನ್ನು ಅವರು ಯಾವಾಗಲೂ ಮಂದಿ ಎಂದೇ ಕರೆಯುತ್ತಿದ್ದುದು. ಬೈದದ್ದನ್ನು ನಾನು ಕೇಳಿಲ್ಲ. ಮನುಷ್ಯರನ್ನು ಬೈಯುತ್ತಿದ್ದರು, ಬೇಕಾದಷ್ಟು.

ಒಂದು ಪದದ ವಿಷಯದಲ್ಲಿ ಮಾತ್ರ ಅವರು ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ರಿಪೋರ್ಟಿನಲ್ಲಿ 'ಇಲ್ಲ' ಎಂದು ಬರೆಯಕೂಡದು, 'ಕಾಣಲಿಲ್ಲ' ಎಂದು ಬರೆಯಬೇಕು. "ನೀ ನೋಡಿದ್ದು ಒಂದು ಹನಿ. ಇಡೀ ಹಳ್ಳದ ಮಾತು ನೀ ಹ್ಯಾಂಗ ಹೇಳ್ತಿ?" ಎಂದು ನನ್ನ ಎಷ್ಟೋ ಕಾಗದಗಳನ್ನು ಹರಿದು ಹಾಕಿದ್ದಾರೆ. ಆಗ ನನಗೆ ಇದು ಮುದುಕಿಯ ಕಿರಿಕಿರಿ ಎನಿಸುತ್ತಿತ್ತು. ಹುಮನಾಬಾದಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಅವರಿಂದ ಮೂರು ಸೀಟು ಹಿಂದೆ ಕೂತು ಗೆಳೆಯರ ಮುಂದೆ ಅವರ ಧಾಟಿಯಲ್ಲೇ ಮಾತಾಡಿ ನಗಿಸುತ್ತಿದ್ದೆ. ಅವರ ಕಿವಿ ಚುರುಕು ಎಂಬುದು ಆಮೇಲೆ ತಿಳಿಯಿತು.

ಒಂದು ಮಳೆಗಾಲ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ತಲೆಯ ಮೇಲೆ ಒದ್ದೆ ಗೋಣಿಚೀಲ, ಚೀಲದೊಳಗೆ ಕರಕರ ಸದ್ದು. ಮುಡಬಿಯವಳು. ಹಳ್ಳದ ಏಡಿ, ಸಿಗಡಿ ಹಿಡಿದು ಸಂತೆಯ ದಿನ ಆಟೋದಲ್ಲಿ ಕಲ್ಯಾಣಕ್ಕೆ ತಂದು ಮಾರುವವಳು. ಗಂಡ ಇಲ್ಲ, ಆ ವ್ಯಾಪಾರವೇ ಅವಳ ಬದುಕು. ಹೋದ ವಾರ ಮುಡಬಿ ಕಡೆಯ ಒಂದು ಹಳ್ಳಿಯಲ್ಲಿ ಅವಳಿಂದ ಏಡಿ ಕೊಂಡ ಮನೆಯ ನಾಲ್ಕು ಮಕ್ಕಳಿಗೆ ವಾಂತಿ ಭೇದಿ ಶುರುವಾಗಿ, ಆಸ್ಪತ್ರೆಗೆ ಹಾಕಿ, ಹೇಗೋ ಉಳಿದುಕೊಂಡಿದ್ದವು. ಕೊಳೆತ ಏಡಿ ಮಾರಿದಳೆಂದು ಆ ಮನೆಯವರು ಸಂತೆಗೆ ಬಂದು ಅವಳ ಬುಟ್ಟಿ ಒದ್ದು ಚೆಲ್ಲಿದ್ದರು. ಪಕ್ಕದಲ್ಲಿ ಕೂರುವವರು ಇನ್ನು ಮುಂದೆ ಇಲ್ಲಿ ಬರಬೇಡ ಎಂದಿದ್ದರು.

"ಬಾಯಿಯವ್ರೆ, ಜೀಂವ್ ಇರೋ ಮಾಲು ಮಾರ್ತೀನ್ರಿ ನಾ. ಕೊಳತಿದ್ದು ಮುಟ್ಟಂಗಿಲ್ಲ. ಇವುನ್ನ ನೋಡ್ರಿ, ರೋಗ ಇಲ್ಲ ಅಂತ ಒಂದು ಕಾಗದ ಬರ್ದು ಕೊಡ್ರಿ. ಅಷ್ಟ ಆದ್ರ ಕುಂಡ್ರಾಕ ಬಿಡ್ತಾರ" ಎಂದಳು.

"ನೋಡ್ತೀನಿ. ಏನ್ ಕಾಣ್ತದ ಅದನ್ನ ಬರೀತೀನಿ" ಎಂದರು ಮೇಡಂ. ಅವಳಿಗೆ ಎರಡೂ ಒಂದೇ ಎನಿಸಿರಬೇಕು, ಕೈ ಮುಗಿದು ನಾಲ್ಕು ಏಡಿ ಬಿಟ್ಟು ಹೋದಳು.

ಏಡಿಗಳ ಚಿಪ್ಪು ಮತ್ತು ಕಿವಿರು ತೊಳೆದ ನೀರನ್ನು ಸೀಸೆಗೆ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಮರುದಿನ ಕ್ರಿಮಿ ಬೆಳೆಯುವ ಹಸಿರು ಪಾಕ ಹಾಕಿದ ತಟ್ಟೆಯ ಮೇಲೆ ಸವರಿದೆವು. ಅದರ ಮರುದಿನ ತಟ್ಟೆಯ ತುಂಬ ಹಳದಿ ಚುಕ್ಕೆ. ವಿಬ್ರಿಯೋ ಎಂಬ ಜಾತಿ. "ಕಾಲರಾದ ಅಣ್ಣತಮ್ಮಂದಿರು. ಚಿಪ್ಪು ಅಂದ್ರ ಇವಕ್ಕ ಭಾಳ ಪ್ರೀತಿ, ಅಲ್ಲೇ ಅಂಟಿಕೊಂಡು ಕುಂಡ್ರತಾವ" ಎಂದರು. ಒಂದು ಏಡಿಯನ್ನು ಬೇರೆ ಇಟ್ಟಿದ್ದರು. ಅದನ್ನು ಹತ್ತು ನಿಮಿಷ ಕುದಿಸಲು ನನಗೆ ಹೇಳಿ ಮತ್ತೆ ಪರೀಕ್ಷೆ ಮಾಡಿದರು. ಆ ತಟ್ಟೆ ಖಾಲಿ ಉಳಿಯಿತು.

ನಾನಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಏಡಿಯಲ್ಲಿ ಕ್ರಿಮಿ ಇದೆ, ಮಕ್ಕಳಿಗೆ ಕಾಯಿಲೆ ಬಂದಿದೆ, ಲೆಕ್ಕ ಸರಿಹೋಯಿತು. ಮೇಡಂ ಮಾತ್ರ ಆ ಖಾಲಿ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಏಡಿ ಯಾರಾದ್ರೂ ಹಸೀದು ತಿಂತಾರೇನೋ? ಕುದಿಸೇ ತಿಂತಾರ. ಕುದಿಸಿದ್ರ ಇದು ಸಾಯ್ತದ. ಮತ್ತ ಹುಡುಗ್ರು ಹ್ಯಾಂಗ ಮಲಗಿದ್ವು?" ಎಂದರು. ಮರುದಿನ ನನ್ನನ್ನೂ ಕರೆದುಕೊಂಡು ಆ ಹಳ್ಳಿಗೆ ಹೊರಟರು. ಏಡಿಯ ಅಡುಗೆ ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಹಟ.

ಆ ಮನೆಯಾಕೆ ಮೊದಲು ಮಾತಾಡಲೇ ಒಲ್ಲೆ ಎಂದಳು. ಮೇಡಂ ಪಡಸಾಲೆಯಲ್ಲಿ ಕೂತು ಒಂದೇ ಮಾತು ಕೇಳಿದರು.

"ಅವತ್ತು ಏಡಿ ಯಾರ್ಯಾರು ತಿಂದ್ರಿ?"

"ನಾ, ನಮ್ಮ ಮನ್ಯಾವ್ರು, ಅತ್ತಿ, ಮಾವ. ಹುಡುಗ್ರಿಗಿ ಕೊಟ್ಟಿಲ್ರಿ, ಖಾರ ಭಾಳ ಇತ್ತು. ಅವುಕ್ಕ ಅನ್ನದಾಗ ಮೊಸರು, ಚಟ್ನಿ ಕಲ್ಸಿ ಕೊಟ್ಟಿದ್ದೆ."

ತಿಂದವರು ದೊಡ್ಡವರು, ಮಲಗಿದವರು ಸಣ್ಣವರು. ಬುಟ್ಟಿ ಒದೆಯಲು ಹೋದ ಅಷ್ಟು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಮೇಡಂ ಏಡಿಯವಳಿಂದ ಹೊಸದಾಗಿ ಕೊಂಡು ಚೀಲದಲ್ಲಿ ತಂದಿದ್ದ ಎರಡು ಏಡಿಯನ್ನು ಆಕೆಯ ಕೈಗೆ ಕೊಟ್ಟು, ಅವತ್ತು ಮಾಡಿದ ಹಾಗೆಯೇ ಮಾಡಿ ತೋರಿಸವ್ವ ಎಂದರು. ಆಕೆ ಕಾಲುಗಳನ್ನು ಮುರಿದು, ಒರಳುಕಲ್ಲಿಗೆ ಹಾಕಿ, ಹಸಿಯಾಗಿಯೇ ಜಜ್ಜಿ, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿದಳು. ಆ ರಸ ಸಾರಿಗೆ. ಏಡಿ ಸಾರಿಗೆ ರುಚಿ ಬರುವುದೇ ಅದರಿಂದ. ನಮ್ಮವ್ವನೂ ಹಾಗೆಯೇ ಮಾಡುವುದು. ಚಿಪ್ಪನ್ನು ಹಾಕಿದರೆ ಮಿಕ್ಸಿಯ ಬ್ಲೇಡು ಹಾಳಾಗುತ್ತದೆಂದು ಏಡಿ ತಂದ ದಿನ ಒರಳು ಹೊರಗೆ ಬರುತ್ತದೆ. ಆಮೇಲೆ ಆಕೆ ಒಂದು ಚೊಂಬು ತಣ್ಣೀರು ಹಾಕಿ ಕಲ್ಲು ಬಳಿದಳು. ಹೇಗೂ ಒರಳು ಹೊರಗಿದೆಯಲ್ಲ ಎಂದು ಅದರಲ್ಲೇ ಕೊತ್ತಂಬರಿ, ಶೇಂಗಾ, ಉಪ್ಪು ಹಾಕಿ ಚಟ್ನಿ ಅರೆದಳು. ಸಾರು ಕುದಿಯಿತು. ಚಟ್ನಿ ಕುದಿಯಲಿಲ್ಲ.

ಮೇಡಂ ಹತ್ತಿಯ ಕಡ್ಡಿಯಿಂದ ಒರಳಿನ ತಳ ಒರೆಸಿಕೊಂಡರು. ಆ ಚಟ್ನಿಯನ್ನು ಯಾರೂ ಮುಟ್ಟದಂತೆ ತಾವೇ ತಿಪ್ಪೆಗೆ ಹಾಕಿ, ಒರಳಿಗೆ ಕುದಿಯುವ ನೀರು ಹಾಕಿಸಿ ಮತ್ತೊಮ್ಮೆ ಒರೆಸಿಕೊಂಡರು. ಎರಡು ದಿನಕ್ಕೆ ಮೊದಲ ಕಡ್ಡಿಯ ತಟ್ಟೆ ಹಳದಿಯಾಯಿತು, ಎರಡನೆಯದು ಖಾಲಿ. ಅವತ್ತು ಅವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಸೊರ್ ಎಂದು ಕುಡಿದರು. ಖುಷಿಯಾದಾಗ ಮಾತ್ರ ಹಾಗೆ ಕುಡಿಯುತ್ತಿದ್ದರು.

ರಿಪೋರ್ಟು ಬರೆದರು, ಇಂಗ್ಲಿಷಿನಲ್ಲಿ. ಎಲ್ಲ ರಿಪೋರ್ಟುಗಳನ್ನೂ ಹಾಗೆಯೇ ಬರೆಯುತ್ತಿದ್ದುದು. ಸಹಿ ಮಾಡಿ, ಲ್ಯಾಬಿನ ಮೊಹರು ಒತ್ತಿ ನನ್ನ ಕೈಗೆ ಕೊಟ್ಟರು. ಸಂಬಂಧಿಕರ ಮದುವೆಗೆಂದು ಹುಲಸೂರಿಗೆ ಹೊರಟಿದ್ದರು. "ನಾಳೆ ಆಕಿ ಬರ್ತಾಳ. ಬರೇ ಕಾಗದ ಕೊಟ್ಟು ಕಳಿಸಬ್ಯಾಡ. ಕುಂಡ್ರಿಸಿ ಓದಿ ಹೇಳು. ಏಡಿಯೊಳಗ ಕ್ರಿಮಿ ಅದ. ಕುದಿಸಿದ್ರ ಸಾಯ್ತದ. ಒರಳಿಗಿ ಕುದಿಯೋ ನೀರು ಹಾಕದ ಚಟ್ನಿ ಅರೀಬಾರದು. ಇದನ್ನ ಆಕಿ ಒಂದೊಂದು ಗಿರಾಕಿಗೂ ಹೇಳ್ಬೇಕು, ತಿಳೀತಾ?" ಎಂದರು. ತಿಳಿಯಿತು ಎಂದೆ.

ಮರುದಿನ ಅವಳು ಬಂದಾಗ ಲ್ಯಾಬಿನಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ಮಳೆಯಲ್ಲಿ ನೆನೆದಿದ್ದಳು. ಬಾಗಿಲಲ್ಲೇ ನಿಂತು, "ತಮ್ಮಾ, ಚಲೋ ಬರ್ದಾರೇನಪ್ಪಾ?" ಎಂದಳು. ಏಡಿಯೊಳಗೆ ಕ್ರಿಮಿ ಇದೆ ಎಂದರೆ ಆ ಮುಖ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಷ್ಟಾದ ಮೇಲೆ ಒರಳು, ಚಟ್ನಿ, ಬಿಸಿನೀರು ಎಲ್ಲ ವಿವರಿಸಲು ಅರ್ಧ ಗಂಟೆ ಬೇಕು. ಅರ್ಧ ಕರುಣೆ, ಅರ್ಧ ಸೋಮಾರಿತನ. ಎರಡನ್ನೂ ತೂಗಿ ನೋಡಿದರೆ ಸೋಮಾರಿತನವೇ ಒಂದು ಕೈ ಹೆಚ್ಚಿತ್ತು ಎಂದು ಈಗ ಅನಿಸುತ್ತದೆ.

"ಎಲ್ಲಾ ಬರೋಬರ್ ಬರ್ದಾರ ಯವ್ವಾ, ತೊಗೊಂಡು ಹೋಗು" ಎಂದೆ.

ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಝೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ, ಸಂತೆಯ ದಿನ ಬುಟ್ಟಿಯ ಮುಂದೆ ಕೋಲಿಗೆ ಕಟ್ಟಿದಳು. ಇಂಗ್ಲಿಷು, ಸಹಿ, ನೀಲಿ ಮೊಹರು. ಸಂತೆಗೆ ಬಂದವರು ಅದನ್ನು ನೋಡಿದರು, ಓದಲಿಲ್ಲ. ಮೊಹರು ಒತ್ತಿದ ಕಾಗದವನ್ನು ನಮ್ಮ ಕಡೆ ಯಾರು ಓದುತ್ತಾರೆ? ಮೊಹರು ಇದೆಯೋ ಇಲ್ಲವೋ ನೋಡುತ್ತಾರೆ. ಪಕ್ಕದಲ್ಲಿ ಕೂರುವವರು ಜಾಗ ಬಿಟ್ಟುಕೊಟ್ಟರು. ವ್ಯಾಪಾರ ಮೊದಲಿಗಿಂತ ಜೋರಾಯಿತು. 'ಲ್ಯಾಬಿನ ಏಡಿ' ಎಂದು ಕೇಳಿ ಕೊಳ್ಳುವವರೂ ಹುಟ್ಟಿಕೊಂಡರು. ನಾನು ಆ ದಾರಿಯಲ್ಲಿ ಎರಡು ಸಂತೆ ಓಡಾಡಿದೆ. ನೋಡಿದೆ. ಮನಸ್ಸಿಗೆ ಕಸಿವಿಸಿಯಾಯಿತು, ಆದರೂ ಸುಮ್ಮನೆ ಹೋದೆ.

ಮೂರನೆಯ ಸಂತೆಯಾದ ಎರಡು ದಿನಕ್ಕೆ ಒಬ್ಬ ತಾಯಿ ಮಗಳ ಮಲದ ಸೀಸೆ ಹಿಡಿದು ಲ್ಯಾಬಿಗೆ ಬಂದಳು. ಐದು ವರ್ಷದ ಹುಡುಗಿ, ಆಸ್ಪತ್ರೆಯಲ್ಲಿ ಸಲೈನ್ ಮೇಲಿದೆ, ಕಣ್ಣು ಬಿಡುತ್ತಿಲ್ಲ. ಏನು ತಿಂದಿತ್ತು ಎಂದು ಮೇಡಂ ಕೇಳಿದರು. ಅನ್ನ, ಚಟ್ನಿ. ಮನೆಯಲ್ಲಿ ಅವತ್ತು ಏಡಿ ಮಾಡಿದ್ದಿರೇನು ಎಂದರು.

"ಮಾಡಿದ್ದೆವ್ರಿ. ನಿಮ್ಮ ಕಾಗದ ನೋಡೇ ತೊಗೊಂಡೆವು" ಎಂದಳು ಆ ತಾಯಿ.

ಮೇಡಂ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ಆಟೋ ಮಾಡಿಸಿ, ನನ್ನನ್ನೂ ಕೂರಿಸಿಕೊಂಡು, ಸೀದಾ ಮುಡಬಿಗೆ. ಏಡಿಯವಳು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದಳು. ಪ್ಲಾಸ್ಟಿಕ್ ಹಾಕಿದ ಕಾಗದ ಗೋಡೆಗೆ ಒರಗಿತ್ತು.

"ಇದರಾಗ ಏನ್ ಬರ್ದೀನಿ ಹೇಳು" ಎಂದರು ಮೇಡಂ.

"ನನ್ನ ಮಾಲು ಸಾಫ್ ಅದ ಅಂತ ಬರ್ದೀರಲ್ರಿ ಬಾಯಿಯವ್ರೆ."

ಮೇಡಂ ನನ್ನ ಕಡೆ ತಿರುಗಿದರು. "ನೀ ಓದಿ ಹೇಳಿದ್ದಿಲ್ಲೇನು?"

"ಹೇಳಿದ್ದೆ ಮೇಡಂ. ಮರ್ತಿರಬೇಕು ಆಕಿ" ಎಂದೆ. ಬಾಯಿಂದ ಹಾಗೆಯೇ ಬಂದುಬಿಟ್ಟಿತು.

ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತೇನೂ ಅಲ್ಲ. "ಹೌದ್ರಿ, ಹೇಳಿದ್ದ. ನಾನೇ ಮರ್ತೆ" ಎಂದಳು.

ಯಾಕೆ ಹಾಗೆಂದಳೋ ಇಂದಿಗೂ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ. ಆ ಒಂದು ಮಾತಿನಿಂದ ನನ್ನ ಕೆಲಸ ಉಳಿಯಿತು, ಅವಳ ಜಾಗ ಹೋಯಿತು. ಎಲ್ಲ ಗೊತ್ತಿದ್ದೂ ಮುಚ್ಚಿಟ್ಟು ಮಾರಿದಳೆಂದು ಸಂತೆಯಲ್ಲಿ ಸುದ್ದಿಯಾಯಿತು. ಅವಳು ಬುಟ್ಟಿ ಹೊತ್ತು ಬಂದ ದಿನ ಜನ ಕೂಗಾಡಿ ವಾಪಸು ಕಳಿಸಿದರು. ಹುಡುಗಿ ಆರನೆಯ ದಿನ ಎದ್ದು ಕೂತಿತು. ಮೇಡಂ ಆರೂ ದಿನ ಹೋಗಿ ಬಂದರು. ಕೊನೆಯ ದಿನ ಆ ತಾಯಿಯ ಮುಂದೆ ಕೈ ಮುಗಿದು, "ತಪ್ಪು ನಮ್ಮ ಕಡಿಂದ ಆಗ್ಯದವ್ವ. ಆ ಏಡಿಯಾಕಿಗಿ ಓದಾಕ ಬರ್ಲಾರದ ಭಾಷಾದಾಗ ನಾ ಬರ್ದು ಕೊಟ್ಟೆ" ಎಂದರು. ನಾನು ಪಕ್ಕದಲ್ಲೇ ಹಣ್ಣಿನ ಚೀಲ ಹಿಡಿದು ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಎನಿಸಿತು.

ಅದರ ಮುಂದಿನ ಸಂತೆಗೆ ಮೇಡಂ ಏಡಿಯವಳನ್ನು ಮತ್ತೆ ಬರಹೇಳಿ, ಲ್ಯಾಬಿನ ಸ್ಟೂಲು ತೆಗೆದುಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತರು. ಮೊಟ್ಟೆ ಮುಟ್ಟದ, ಹಣೆತುಂಬ ವಿಭೂತಿ ಧರಿಸುವ ಹೆಂಗಸು ಏಡಿ ಬುಟ್ಟಿಯ ಮುಂದೆ ಕೂತಿದ್ದನ್ನು ನೋಡಲಿಕ್ಕೇ ಜನ ಸೇರಿದರು. ಸೇರಿದವರಿಗೆಲ್ಲ ಅವರು ಹೇಳಿದರು: ಈಕೆಯ ಏಡಿಯಲ್ಲಷ್ಟೇ ಅಲ್ಲ, ಯಾವ ಹಳ್ಳದ ಏಡಿಯಲ್ಲೂ ಈ ಕ್ರಿಮಿ ಇರಬಹುದು, ಚೆನ್ನಾಗಿ ಕುದಿಸಿ ತಿನ್ನಿರಿ, ಒರಳಿಗೂ ಕೈಗೂ ಬಟ್ಟೆಗೂ ಬಿಸಿನೀರು ಕಾಣಿಸಿರಿ. "ಮೇಡಂ, ನೀವು ತಿಂದು ತೋರಿಸ್ರಿ" ಎಂದು ಒಬ್ಬ ಕಿಚಾಯಿಸಿದ. "ನಾ ಡೀಸೆಲ್ಲೂ ಕುಡಿಯಂಗಿಲ್ಲಪ್ಪ, ಬಸ್ಸಿನಾಗ ದಿನಾ ಬರ್ತೀನಿ" ಎಂದರು. ಬಂಧುಗಳು ಮರ್ಯಾದೆ ಹೋಯಿತು ಎಂದು ಫೋನು ಮಾಡಿದರು. ಅವರು ಆ ಮಳೆಗಾಲದ ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಮಾತು ಏಡಿಯವಳ ಬಾಯಿಗೂ ಕೂತಿತು. "ಕಲ್ಲಿಗಿ ಕುದಿಯೋ ನೀರು, ಆಮ್ಯಾಲ ಚಟ್ನಿ" ಎಂದು ಹೇಳದೆ ಅವಳು ಒಂದು ಏಡಿಯನ್ನೂ ಕೊಡುತ್ತಿರಲಿಲ್ಲ. ಗಿರಾಕಿಗಳು ಮೊದಲಿನಷ್ಟು ಬರಲಿಲ್ಲ. ಹೊಟ್ಟೆಗೆ ಸಾಕಾಗುವಷ್ಟು ಬಂದರು.

ಅವತ್ತಿನಿಂದ ಮೇಡಂ ಪ್ರತಿ ರಿಪೋರ್ಟಿನ ಕೆಳಗೆ ಕೈಯಿಂದ ಕನ್ನಡದಲ್ಲಿ ಒಂದು ಸಾಲು ಬರೆಯತೊಡಗಿದರು. ಕೈ ನಡುಗುತ್ತಿದ್ದ ವಯಸ್ಸು. ಡಾಕ್ಟರುಗಳು ನಗುತ್ತಿದ್ದರು. ತಮ್ಮ ಇಂಗ್ಲಿಷಿನದೇ ತಪ್ಪು ಎಂದು ಮೇಡಂ ನಂಬಿದ್ದಾರೆಂದುಕೊಂಡು ನಾನು ಒಳಗೊಳಗೇ ಬೇಯುತ್ತಿದ್ದೆ. ಆ ಸಾಲನ್ನು ನಾನೇ ಗಟ್ಟಿಯಾಗಿ ಓದಿ, ಎದುರಿನವರು ತಲೆಯಾಡಿಸಿದ ಮೇಲೇ ಕಾಗದ ಕೊಡುತ್ತಿದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದದ್ದು ಅಲ್ಲಿಯೇ ನಿಂತಿತು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಲಾಗದೆ ಹೋದಾಗ ಲ್ಯಾಬನ್ನು ನನಗೇ ಒಪ್ಪಿಸಿದರು. ಆಗಲೂ ಹೇಳಲಿಲ್ಲ.

ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹುಮನಾಬಾದಿಗೆ ಹೋಗಿದ್ದೆ. ಕೆಲಸದಾಕೆ ಒಳಗೆ ಚಹಾಕ್ಕೆ ಹೋದಳು. ಇಬ್ಬರೇ ಇದ್ದೆವು. "ಮೇಡಂ, ಆ ಏಡಿಯಾಕಿಗಿ ನಾ ಓದಿ ಹೇಳಿರ್ಲಿಲ್ರಿ. ಸುಳ್ಳು ಹೇಳಿದ್ದೆ" ಎಂದೆ.

"ಗೊತ್ತದ" ಎಂದರು. "ಹತ್ತು ವರ್ಷದ ಗಿರಾಕಿ ಹೆಸರು ನೆನಪಿಡೋ ಹೆಂಗಸು ಆಕಿ. ಮೂರು ಮಾತು ಮರೀತಾಳೇನು? ಅವತ್ತ ಆ ಅಂಗಳದಾಗೇ ಗೊತ್ತಾಗಿತ್ತು."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಇವರ ಎದುರಿಗೆ ನಾನು ಹೇಗೆಲ್ಲ ಓಡಾಡಿದ್ದೇನೆ ಎಂದು ನೆನೆದು ಮತ್ತೂ ನಾಚಿಕೆಯಾಯಿತು.

"ಹಂಗಾದ್ರ ನನ್ನ ಕೆಲಸದಿಂದ ಯಾಕ ಬಿಡಿಸಲಿಲ್ರಿ?"

ಅವರು ಗೋಡೆಯ ಕಡೆ ನೋಡುತ್ತ ಹೇಳಿದರು: "ಮರುದಿನಾನೇ ಬಿಡಿಸಬೇಕಂತ ಬಂದಿದ್ದೆ. ಒಬ್ಬ ಮುದುಕಗ ಶುಗರ್ ರಿಪೋರ್ಟ್ ಓದಿ ಹೇಳಾಕತ್ತಿದ್ದಿ. ಅವಗ ತಿಳೀಲಿಲ್ಲ, ಮತ್ತೊಮ್ಮೆ ಹೇಳಿದಿ. ಇವತ್ತೊಂದು ದಿನ ಇರ್ಲಿ, ನಾಳೆ ಬಿಡಿಸಿದ್ರಾತು ಅಂದೆ. ನಾಳೆನೂ ಹಂಗೇ ಓದಿ ಹೇಳಿದಿ. ದಿನಾ ಮುಂಜಾನಿ ಬರ್ತಿದ್ದೆ, ದಿನಾ ನಾಳೆ ಅಂತಿದ್ದೆ."